ಗಡಿಯಾರದ ಮುಳ್ಳು ಸರಿಸಿದ್ದು ಯಾರು?

ನಂಬದಿದ್ರೆ ಬಿಡಿ ಅತ್ತಿಗೆ! ನಂಬಿ ಅಂತ ನಾನೇನು ನಿಮ್ಮ ಕಾಲು ಹಿಡೀತಿಲ್ಲ. ಆದ್ರೆ ನಾನು ಹೇಳಿದ್ದು ಸುಳ್ಳಾದ್ರೆ ಅರ್ಧ ಮೀಸೆ ಬೋಳಿಸ್ಕೊಂಡು ಓಡಾಡ್ತೀನಿ, ನೋಡ್ತಿರಿ. ಇವತ್ತು ನಿಮ್ಮ ಮೂರನೇ ಕ್ಲಾಸಲ್ಲಿ, ಆ ಸ್ಮಾರ್ಟ್ ಬೋರ್ಡಿನ ಮೇಲೆ, ಗಡಿಯಾರದ ಮುಳ್ಳು ತಾನಾಗಿ ಓಡಿದ್ದಲ್ಲ. ಯಾರೋ ಓಡಿಸಿದ್ದಾರೆ. ಬೇಕಂತಲೇ! ತರಬೇತಿ ಮೇಡಂ ನನ್ನ ಕೆಲಸ ನೋಡೋಕೆ ಬಂದು ಹಿಂದಿನ ಬೆಂಚಲ್ಲಿ ಕೂತಿರೋ ಹೊತ್ತು ನೋಡಿ, ಸರಿಯಾಗಿ ಹೊಂಚು ಹಾಕಿ, ನನ್ನ ಮುಖಕ್ಕೆ ಮಸಿ ಬಳಿಯೋಕೇ ಓಡಿಸಿದ್ದಾರೆ.

ಪೆಟ್ಟಿಗೆ, ಪೆಟ್ಟಿಗೆ! ಇಸ್ತ್ರಿ ಪೆಟ್ಟಿಗೆ ಇಟ್ಟಲ್ಲೇ ಇಟ್ಟು ನನ್ನ ಮುಖ ನೋಡ್ತಾ ನಿಂತ್ರೆ ಅಣ್ಣನ ಯೂನಿಫಾರಂ ಸುಟ್ಟು ಹೋಗುತ್ತೆ. ಬೆನ್ನ ಮೇಲೆ ತೂತು ಬಿದ್ದ ಅಂಗಿ ಹಾಕ್ಕೊಂಡು ಬಸ್ ಓಡಿಸ್ತಾನಾ ನಾಳೆ?... ಹಾಂ, ಹಾಗೆ. ನೀವು ಇಸ್ತ್ರಿ ಮಾಡ್ತಾ ಇರಿ. ನಾನು ಹೇಳ್ತಾ ಇರ್ತೀನಿ.

ಆದ್ರೂ ಒಂದು ಮಾತು ಅತ್ತಿಗೆ. ನಾನು ಮನೆಯೊಳಗೆ ಕಾಲಿಟ್ಟಾಗ ನೀವು ಬಚ್ಚಲಲ್ಲಿ ಬಗ್ಗಿ ಏನೋ ತಿಕ್ಕಿ ತಿಕ್ಕಿ ಒಗೀತಿದ್ರಿ. ತಿರುಗಿ ಕೂಡ ನೋಡ್ಲಿಲ್ಲ. "ಆ ಮುಳ್ಳು ಹೇಗಪ್ಪಾ ಓಡ್ತು?" ಅಂತ ಒಂದೇ ಒಂದು ಪ್ರಶ್ನೆ. ಅಷ್ಟೇ! ಆಮೇಲಿಂದ ಬಾಯಿಗೆ ಬೀಗ. ಚಹಾ ಕೂಡ ಮಾತಿಲ್ಲದೆ ತಂದು ಮುಂದೆ ಇಟ್ರಿ. ಇದು ನಿಮ್ಮ ಹಳೇ ಚಾಳಿ, ನನಗೆ ಗೊತ್ತು. ಕ್ಲಾಸಲ್ಲೂ ಅಷ್ಟೇ ತಾನೆ? ಮಕ್ಕಳಿಗೆ ಒಂದು ಪ್ರಶ್ನೆ ಕೇಳೋದು, ಎರಡೂ ಕೈ ಬೆನ್ನ ಹಿಂದೆ ಕಟ್ಕೊಳ್ಳೋದು, ಬಸ್ ಕಾಯೋರ ಹಾಗೆ ನಿಂತುಬಿಡೋದು. ಮಗು ತಲೆ ಕೆರ್ಕೊಳ್ಳಲಿ, ಚಾವಣಿ ನೋಡಲಿ, ಪಕ್ಕದವನನ್ನ ತಿವಿಯಲಿ, ನೀವು ಮಾತ್ರ ಜಪ್ಪಯ್ಯ ಅಂದ್ರೂ ಬಾಯಿ ಬಿಡಲ್ಲ. ಅಯ್ಯೋ, ನೋಡೋಕೇ ಆಗಲ್ಲ ನನಗೆ! ಉತ್ತರ ಗೊತ್ತಿದೆಯಲ್ಲ, ಹೇಳಿ ಬಿಸಾಕಿ ಮುಂದೆ ಹೋಗೋದಲ್ವಾ?

ಆ ಆಟ ನನ್ನ ಹತ್ರ ನಡೆಯಲ್ಲ. ನಾನೇನು ಮೂರನೇ ಕ್ಲಾಸಾ? ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟಾಯ್ತು. ಯಾರೋ ಓಡಿಸಿದ್ದಾರೆ. ಯಾರು ಅಂತ ಹುಡುಕಿ ತೆಗೀತೀನಿ.

ನಾನು ಯಾರು ಅನ್ನೋದನ್ನೇ ಮರೆತುಬಿಟ್ಟಿದ್ದಾರೆ ಈ ಜನ. ಮೆಂಟರ್! ಮೆಂಟರ್ ಅಂದ್ರೆ ಸುಮ್ಮನೇನಾ? ಮಕ್ಕಳಿಗೆ ಪಾಠ ಯಾರು ಬೇಕಾದ್ರೂ ಹೇಳ್ತಾರೆ. ಮೇಷ್ಟ್ರುಗಳಿಗೇ ಪಾಠ ಹೇಳೋನು ಮೆಂಟರ್. ಬೋರ್ಡು ಹೇಗೆ ಹಚ್ಚೋದು, ಚಿತ್ರ ಹೇಗೆ ತರೋದು, ಮಕ್ಕಳ ಕೈಗೆ ಪೆನ್ನು ಕೊಟ್ಟು ಅದರ ಮೇಲೆ ಹೇಗೆ ಬರೆಸೋದು... ಇದೆಲ್ಲ ತಲೆ ನರೆತ ಮೇಷ್ಟ್ರುಗಳಿಗೆ ಹೇಳಿಕೊಡೋನು ನಾನು. ಇಡೀ ಶಾಲೆಯಿಂದ ತರಬೇತಿಗೆ ಹೋಗಿದ್ದು ಯಾರು? ನಾನು. ಸೇರಿ ವರ್ಷ ತುಂಬಿರ್ಲಿಲ್ಲ, ಅದೂ ತಾತ್ಕಾಲಿಕ ಕೆಲಸ, ಆದ್ರೂ ನನ್ನನ್ನೇ...

ಏನು ನಗು ಅದು? ಬೇರೆ ಯಾರೂ ಹೋಗೋಕೆ ಒಪ್ಪಲಿಲ್ಲ, ಅದಕ್ಕೆ ನನ್ನನ್ನ ಕಳಿಸಿದ್ರು ಅಂತಾನಾ? ಯಾರು ಹೇಳಿದ್ದು ನಿಮಗೆ? ಬೀಕರ್ ಮೇಷ್ಟ್ರು ಹೇಳಿದ್ರಾ? ಅವರೇ ಹೇಳಿರಬೇಕು! ಲ್ಯಾಬಿನ ಗಾಜಿನ ಬೀಕರಲ್ಲಿ ಚಹಾ ಕುಡಿಯೋ ಮನುಷ್ಯ, ನನ್ನ ಬಗ್ಗೆ ಮಾತಾಡ್ತಾರೆ.

ನಮ್ಮೂರಲ್ಲಿ ಕೇಳಿ ನೋಡಿ ನನ್ನ ಬಗ್ಗೆ. ಮೀಸೆ ಮೂಡೋ ಮೊದಲೇ ಇಡೀ ಊರಿನ ನೀರೆತ್ತೋ ಪಂಪು ನನ್ನ ಕೈಲಿತ್ತು. ಯಾರ ಹೊಲದಲ್ಲಿ ಮೋಟಾರು ನಿಂತ್ರೂ, "ಅವನನ್ನ ಕರೀರಿ!" ಹೋಗೋದು, ಎಲ್ಲರನ್ನೂ ಆಚೆ ನಿಲ್ಸೋದು, ಬೆನ್ನು ಅಡ್ಡ ಕೊಟ್ಟು ಕೂರೋದು, ಎರಡು ವೈರು ಹೀಗೆ ಹಾಗೆ ಮಾಡೋದು... ಗುಂಯ್ ಅಂತ ಶುರು! ದೊಡ್ಡ ದೊಡ್ಡ ಮನುಷ್ಯರು ಬಾಯಿ ಬಿಟ್ಕೊಂಡು ನೋಡ್ತಿದ್ರು. ಏನು ಮಾಡಿದೆ ಅಂತ ಒಬ್ಬರಿಗೂ ತೋರಿಸ್ತಿರ್ಲಿಲ್ಲ. ತೋರಿಸಿದ್ರೆ ಮಾರನೇ ದಿನ ನನ್ನನ್ನ ಯಾರು ಕರೀತಾರೆ?

...ಯಾಕೆ ತಲೆ ಎತ್ತಿದ್ರಿ? ಸುಮ್ಮನೆ ಊರಿನ ಮಾತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಡಿಚಿ, ಮಡಿಚಿ, ತೋಳು ಸುಕ್ಕಾಗುತ್ತೆ.

ಈಗ ನನಗಿರೋ ಮೊದಲ ಅನುಮಾನ ಹೇಳ್ತೀನಿ. ಬೀಕರ್! ಹೌದು. ನಿನ್ನೆ ಸಂಜೆ ಶಾಲೆ ಬಿಟ್ಟ ಮೇಲೆ ನಿಮ್ಮ ಕ್ಲಾಸಿಂದ ಹೊರಗೆ ಬರ್ತಿದ್ದದ್ದನ್ನ ಕಣ್ಣಾರೆ ಕಂಡಿದ್ದೀನಿ. "ಏನ್ ಸಾರ್ ಇಲ್ಲಿ?" ಅಂದೆ. "ಸೀಮೆಸುಣ್ಣ ಖಾಲಿಯಾಗಿತ್ತಪ್ಪ" ಅಂದ್ರು. ಸೀಮೆಸುಣ್ಣ! ಲ್ಯಾಬಲ್ಲಿ ಡಬ್ಬಿಗಟ್ಟಲೆ ಸೀಮೆಸುಣ್ಣ ಇಟ್ಕೊಂಡು ನಿಮ್ಮ ಕ್ಲಾಸಿಗೆ ಯಾಕೆ ಬರಬೇಕು? ಅಲ್ಲದೆ ಮೊನ್ನೆ ಸ್ಟಾಫ್ ರೂಮಲ್ಲಿ ಎಲ್ಲರ ಮುಂದೆ ಏನಂದ್ರು ಗೊತ್ತಾ? "ಈ ಹುಡುಗ ಶಾಲೇಲಿದ್ರೆ ಬೋರ್ಡು ನಡೆಯುತ್ತೆ. ಅವನಿಗೆ ನೆಗಡಿ ಬಂದ್ರೆ ಇಡೀ ಶಾಲೆಗೆ ನೆಗಡಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಹೊಗಳಿದ್ರು ಅಂದ್ಕೊಂಡೆ! ಮನೆಗೆ ಬಂದು ಯೋಚನೆ ಮಾಡಿದ್ರೆ ಅದು ಹೊಗಳಿಕೆ ಅಲ್ಲವೇ ಅಲ್ಲ ಅನ್ನಿಸ್ತು. ಅಲ್ವಾ? ನೀವೇ ಹೇಳಿ.

ಹೇಳಲ್ಲ. ಸರಿ.

ಈಗ ಬೋರ್ಡ್ ಕೆಡಿಸೋಕೆ ಅದನ್ನ ಮುಟ್ಟಬೇಕು ಅಂತಿಲ್ಲ ಅತ್ತಿಗೆ. ಆ ಕಾಲ ಹೋಯ್ತು. ದೂರದಲ್ಲಿ ಕೂತು ಕೈಲಿರೋ ಫೋನಿಂದಲೇ ಆಡಿಸಬಹುದು. ಇಲ್ಲಿ ಬೆರಳು ಸರಿಸಿದ್ರೆ ಅಲ್ಲಿ ಮುಳ್ಳು ಸರಿಯುತ್ತೆ. ಕಿಟಕಿ ಆಚೆ ನಿಂತು ಬೀಕರ್ ತಮ್ಮ ಫೋನ್ ತೆಗೆದು ಸುಮ್ಮನೆ ಹೀಗೆ...

ಏನು? ಯಾಕೆ ಬೆರಳಲ್ಲಿ ಹಾಗೆ ಕುಟ್ಟಿ ಕುಟ್ಟಿ ತೋರಿಸ್ತೀರಿ? ಬಟನ್... ಓ. ಅವರದು ಬಟನ್ ಫೋನು. ಹೌದಲ್ಲ. ಕರೆ ಬಂದ್ರೆ ಇಡೀ ಕಾರಿಡಾರಿಗೆ ಕೇಳೋ ಹಾಗೆ ಬಡ್ಕೊಳ್ಳುತ್ತೆ, ಅದೇ. ಸರಿ ಬಿಡಿ. ಬೀಕರ್ ಅಲ್ಲ ಅಂತಲೇ ಇಟ್ಕೊಳ್ಳೋಣ. ಸದ್ಯಕ್ಕೆ!

ಹಾಗಾದ್ರೆ ಹೆಡ್ ಮೇಷ್ಟ್ರು. ನಗಬೇಡಿ. ಪ್ರಪಂಚದಲ್ಲಿ ಯಾರನ್ನೂ ನಂಬೋ ಹಾಗಿಲ್ಲ. ಬಾಯಿ ಬಿಟ್ಟು ಹೇಳಿದ್ದಾರೆ ನನಗೆ, "ಮೆಂಟರ್ ಆಗಿ ಉಳಿದ್ರೆ ಮುಂದಿನ ವರ್ಷವೂ ನಿನ್ನ ಕೆಲಸ ಇರುತ್ತೆ. ಇಲ್ಲ ಅಂದ್ರೆ ರಜೆ ಮುಗಿದ ಮೇಲೆ ನಿನ್ನನ್ನ ಕರೆಯೋಕೆ ನನ್ನಿಂದ ಆಗಲ್ಲಪ್ಪ" ಅಂತ. ಯಾರೋ ನೆಂಟರ ಹುಡುಗನ್ನ ತಂದು ತುಂಬೋ ಯೋಚನೆ ಇರಬೇಕು. ಅದಕ್ಕೇ... ಆದ್ರೆ ಅವರಿಗೆ ಬೋರ್ಡಿನ ಸ್ವಿಚ್ಚು ಎಲ್ಲಿದೆ ಅಂತಲೇ ಗೊತ್ತಿಲ್ಲ. ಮೊನ್ನೆ ಬೋರ್ಡು ಹಚ್ಚೋಕೆ ಹೋಗಿ ಫ್ಯಾನ್ ಹಚ್ಚಿ, "ಬಂತಾ ಚಿತ್ರ?" ಅಂತ ಕೇಳಿದ್ರು. ಅವರಿಂದಾಗಲ್ಲ ಬಿಡಿ.

ಕೆಲಸ ಹೋದ್ರೆ ಏನು ಗತಿ ಅಂತ ಯೋಚಿಸಿದ್ದೀರಾ? ಊರಿಗೆ ಹೋಗ್ಬೇಕು. ಬಸ್ ಇಳಿದು ನಡೆದು ಬರೋವಾಗ ಎಲ್ಲರೂ ಕೇಳ್ತಾರೆ. "ಏನೋ ಮೇಷ್ಟ್ರ ಮೇಷ್ಟ್ರೇ, ಮೆಂಟರೇ, ಬಂದುಬಿಟ್ಟೆಯಾ?" ಎಷ್ಟು ಹೇಳ್ಕೊಂಡಿದ್ದೀನಿ ಅಲ್ಲಿ! ನಾನಿಲ್ಲದಿದ್ರೆ ಶಾಲೆ ಬಾಗಿಲೇ ತೆಗೆಯಲ್ಲ ಅಂತ ಹೇಳಿದ್ದೀನಿ. ಈಗ ಹೋಗಿ ಮತ್ತೆ ಪಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂರಲಾ? ಅದೂ ಈಗ ಪಂಪೆಲ್ಲ ಹೊಸದು ಬಂದಿದೆ. ಗುಂಡಿ ಒತ್ತಿದ್ರೆ ಸಾಕು, ಹೆಣ್ಣು ಮಕ್ಕಳು, ಮುದುಕರು ಎಲ್ಲ ಅವರೇ ಹಚ್ಚಿಕೊಳ್ತಾರೆ. ಯಾರೂ ಕರೆಯಲ್ಲ ನನ್ನನ್ನ.

ಯಾರೂ ಕರೆಯಲ್ಲ ಅತ್ತಿಗೆ.

...ಬಿಡಿ ಅದನ್ನ. ಇನ್ನೊಂದು ವಿಷಯ ಇದೆ, ಅದೇ ನನಗೆ ತಲೆ ಚಿಟ್ಟು ಹಿಡಿಸಿರೋದು. ಪಟ್ಟಿ! ನೀಲಿ ಪಟ್ಟಿ ಕಾಣೆಯಾಗಿದೆ.

ಯಾವ ಪಟ್ಟಿ ಅಂತ ಕಣ್ಣರಳಿಸಬೇಡಿ, ನಿಮಗೆ ಗೊತ್ತು. ತರಬೇತೀಲಿ ಮೇಡಂ ಪ್ರತಿಯೊಬ್ಬ ಮೆಂಟರಿಗೂ ಒಂದೊಂದು ನೀಲಿ ಬಟ್ಟೆಯ ಪಟ್ಟಿ ಕೊಟ್ಟಿದ್ರು ಅಂತ ಅವತ್ತೇ ಹೇಳಿರ್ಲಿಲ್ವಾ? "ನೀವು ಕಲಿಸೋ ಮೇಷ್ಟ್ರು ಬೋರ್ಡಿನ ಮುಂದೆ ನಿಂತ ಮೇಲೆ ನೀವು ಇದರಿಂದ ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಳ್ಳಿ. ಬಾಯಲ್ಲಿ ಹೇಳಿ. ಅವರು ಹುಡುಕಲಿ, ತಪ್ಪಲಿ, ಮತ್ತೆ ಹುಡುಕಲಿ. ನೀವು ಮಾತ್ರ ಮುಟ್ಟಬೇಡಿ. ನೀವು ಮುಟ್ಟಿದ್ರೆ ಕಲಿತೋರು ನೀವು, ಅವರಲ್ಲ." ಆ ಹಾಲಲ್ಲಿ ದೊಡ್ಡ ದೊಡ್ಡ ಮೇಷ್ಟ್ರುಗಳು ಕಳ್ಳರ ಹಾಗೆ ಕೈ ಕಟ್ಟಿಸ್ಕೊಂಡು ನಿಂತಿದ್ದನ್ನ ನೋಡಬೇಕಿತ್ತು ನೀವು! ಮೂಗು ತುರಿಸಿದ್ರೂ ಬೇರೆಯವರೇ ಕೆರೀಬೇಕು. ನನಗೆ ನಗು ತಡೆಯೋಕೆ ಆಗ್ಲಿಲ್ಲ. ಮೇಡಂ ನನ್ನ ಕಡೆ ನೋಡಿ, "ಯಾರು ಈ ಕೆಲಸಕ್ಕೆ ಆಗಲ್ಲ ಅನ್ನಿಸುತ್ತೋ ಅವರಿಂದ ಪಟ್ಟಿ ವಾಪಸ್ ತಗೊಂಡುಬಿಡ್ತೀನಿ" ಅಂದ್ರು. ಕಣ್ಣಲ್ಲಿ ಕಣ್ಣಿಟ್ಟು ಅಂದ್ರು. ಅವತ್ತೇ ನನ್ನ ಮೇಲೆ ಅವರಿಗೆ ಕಣ್ಣಿತ್ತು ಅತ್ತಿಗೆ.

ನಾನು ಆ ಪಟ್ಟಿ ಏನು ಮಾಡಿದೆ? ನಿಮ್ಮ ಕ್ಲಾಸಲ್ಲಿ ಬೋರ್ಡಿನ ಹಿಂದೆ ವೈರೆಲ್ಲ ನೇತಾಡ್ತಿತ್ತಲ್ಲ, ಅದನ್ನ ಬಿಗಿದು ಕಟ್ಟಿದೆ. ಬಟ್ಟೆ ಗಟ್ಟಿ, ಚೆನ್ನಾಗಿ ಕೂತಿತ್ತು. ಬೆಳಗ್ಗೆ ಪಾಠಕ್ಕೆ ಮೊದಲು ನೋಡಿದ್ದೀನಿ, ಇತ್ತು. ಪಾಠ ಮುಗಿದ ಮೇಲೆ ಹೋಗಿ ನೋಡ್ತೀನಿ, ವೈರೆಲ್ಲ ಬಿಚ್ಚಿ ನೆಲದ ಮೇಲೆ ಬಿದ್ದಿದೆ. ಪಟ್ಟಿ ಇಲ್ಲ! ಯಾರು ತಗೊಂಡ್ರು? ಅದರ ಅರ್ಥ ಏನು? ವಾಪಸ್ ತಗೊಂಡ್ರಾ? ನನಗೆ ಹೇಳದೇನೇ?

ಅದಕ್ಕೇ ಮನೆಗೆ ತಡವಾಗಿ ಬಂದಿದ್ದು. ಮಾರ್ಕೆಟ್ ರಸ್ತೆಯ ಆ ತುದಿಯಿಂದ ಈ ತುದಿಗೆ ಸುಮ್ಮನೆ ನಡೆದೆ. ಟೈರ್ ಅಂಗಡಿಯವನು "ಏನಾದ್ರೂ ಕಳ್ಕೊಂಡ್ರಾ ಮೇಷ್ಟ್ರೇ?" ಅಂದ. ಅವನ ಮೇಲೂ ಅನುಮಾನ ಬಂತು, ಇವನಿಗೆ ಹೇಗೆ ಗೊತ್ತಾಯ್ತು ಅಂತ.

ನಗಬೇಡಿ ಅಂದ್ನಲ್ಲ!

ಅಲ್ಲ ಅತ್ತಿಗೆ, ಪಾಠ ಎಷ್ಟು ಚೆನ್ನಾಗಿ ನಡೀತಿತ್ತು! ನೀವು ಬೋರ್ಡಿನ ಮೇಲೆ ಬೆರಳಿಟ್ರಿ, ಗಡಿಯಾರ ಬಂತು. ಇನ್ನೊಂದು ಸಲ ಬೆರಳಿಟ್ರಿ, ಅಂಕಿಗಳು ಬಂತು. ಮಕ್ಕಳೆಲ್ಲ "ಓ!" ಅಂದ್ರು. ಆಗ ನೀವು ತಿರುಗಿ ನನ್ನ ಕಡೆ ನೋಡಿ ನಕ್ರಿ. ಆ ನಗು... ಇಷ್ಟು ದಿನದಲ್ಲಿ ಬೋರ್ಡಿನ ಮುಂದೆ ನಿಂತು ನೀವು ನಕ್ಕಿದ್ದು ಅದೇ ಮೊದಲು. ಇಲ್ಲದಿದ್ರೆ ಮಚ್ಚು ಹಿಡಿದೋರ ಮುಂದೆ ನಿಂತ ಹಾಗೆ ನಿಲ್ತಿದ್ರಿ. "ನನ್ನ ಮಾತು ಕೇಳ್ತಿದೆ ಕಣೋ ಇದು" ಅಂತ ತುಟಿಯಲ್ಲೇ ಹೇಳಿದ್ರಿ. ನನಗೆ ಕಾಣಿಸ್ತು.

ಆಮೇಲೆ ಆ ಎರಡು ಜಡೆ ಹುಡುಗಿಯನ್ನ ಕರೆದ್ರಿ. ಮೂರೂವರೆ ತೋರಿಸು ಅಂದ್ರಿ. ಅವಳು ಉದ್ದದ ಮುಳ್ಳನ್ನ ಆರಕ್ಕೆ ತಂದಳು. ಸರಿ. ಚಿಕ್ಕ ಮುಳ್ಳನ್ನ ತಂದು ನೇರ ಮೂರರ ಮೇಲೆ ಇಟ್ಟಳು. ತಪ್ಪು! ಮೂರೂವರೆ ಅಂದ್ರೆ ಮೂರಕ್ಕೂ ನಾಲ್ಕಕ್ಕೂ ನಡುವೆ ಇರಬೇಕು. ಯಾರಿಗೆ ಗೊತ್ತಿಲ್ಲ ಇದು? ನೀವು ಹೇಳಿಬಿಡಬಹುದಿತ್ತು. ಆದ್ರೆ ನೀವೇನು ಮಾಡಿದ್ರಿ? "ಸರಿಯಾಗಿ ನೋಡು ಪುಟ್ಟಿ" ಅಂದು, ಕೈ ಹಿಂದೆ ಕಟ್ಕೊಂಡು ನಿಂತುಬಿಟ್ರಿ. ಶುರುವಾಯ್ತು ನಿಮ್ಮ ಬಸ್ ಕಾಯೋದು! ಅವಳು ಮುಳ್ಳು ನೋಡ್ತಾಳೆ, ನಿಮ್ಮನ್ನ ನೋಡ್ತಾಳೆ, ಜಡೆ ಬಾಯಲ್ಲಿ ಕಚ್ಚಿಕೊಳ್ತಾಳೆ. ಮೇಡಂ ಹಿಂದೆ ಕೂತು ಪೆನ್ನಿನ ತುದಿ ಕಚ್ಚುತ್ತಾ ನೋಡ್ತಿದ್ದಾರೆ. ಮುಳ್ಳು ತಪ್ಪಾಗೇ ನಿಂತಿದೆ, ಅಷ್ಟು ದೊಡ್ಡದಾಗಿ, ಇಡೀ ಗೋಡೆ ತುಂಬ ತಪ್ಪು! ನನ್ನ ಮೈಯೆಲ್ಲ ಇರುವೆ ಹರಿದ ಹಾಗೆ. ಹೊತ್ತು ಹೋಗ್ತಿದೆ, ಯಾರೂ ಏನೂ ಮಾಡ್ತಿಲ್ಲ, ನನ್ನ ಬೆರಳು...

...ಅಂದ್ರೆ, ಮುಳ್ಳು. ಆಗ ಮುಳ್ಳು ಸರಿಯಿತು ಅಂತ ಹೇಳೋಕೆ ಬಂದೆ.

ಸರಿದು ನಡುವೆ ಹೋಗಿ ಕೂತಿತು. ಅವಳ ಬೆರಳು ಆಗ ಗಾಳಿಯಲ್ಲಿತ್ತು. ಮುಟ್ಟಿರಲೇ ಇಲ್ಲ. "ನಾನಲ್ಲ ಟೀಚರ್! ನಾನು ಮುಟ್ಟಿಲ್ಲ!" ಅಂತ ಬೆಂಕಿ ತಾಗಿದ ಹಾಗೆ ಕೈ ಹಿಂದಕ್ಕೆಳ್ಕೊಂಡಳು. ಹಿಂದಿನ ಬೆಂಚಿನ ಪೋಕರಿಗಳು "ದೆವ್ವ! ದೆವ್ವ!" ಅಂದ್ರು. ಇನ್ಯಾರೋ "ಅವಳೇ ಏನೋ ಕೆಡಿಸಿದಳು ಟೀಚರ್" ಅಂದ. ಅವಳು ಅಳೋಕೇ ಶುರು ಮಾಡಿದಳು.

ಆಗ ನೀವು ತಿರುಗಿ ನನ್ನ ಕಡೆ ನೋಡಿದ್ರಿ. ಈ ಸಲ ನಗ್ಲಿಲ್ಲ.

ಪಾಪ, ಸಣ್ಣ ಹುಡುಗಿ. ಅವಳದೇನೂ ತಪ್ಪಿಲ್ಲ ಅಂತ ಅಲ್ಲೇ ಹೇಳಬೇಕಿತ್ತು... ಯಾರಾದ್ರೂ. ನೀವು ಹೇಳಿದ್ರಿ ಬಿಡಿ. ಹತ್ರ ಹೋಗಿ ಕಣ್ಣೊರೆಸಿ, "ನೀನಲ್ಲ ಪುಟ್ಟಿ, ನನಗೆ ಗೊತ್ತು" ಅಂದ್ರಿ. ನಿಮಗೆ ಹೇಗೆ ಗೊತ್ತಿತ್ತು? ಅದನ್ನೇ ನಾನೂ ಕೇಳ್ತಿರೋದು. ಅಷ್ಟು ಖಾತ್ರಿಯಾಗಿ ಹೇಗೆ ಹೇಳಿದ್ರಿ?

ಆಮೇಲೆ ಹೆಡ್ ಮೇಷ್ಟ್ರ ಕೋಣೆ. ನಾನು ಕಾರಿಡಾರಲ್ಲಿದ್ದೆ. ಹೌದು, ಬಾಗಿಲ ಗಾಜಲ್ಲಿ ಇಣುಕಿ ನೋಡಿದೆ. ನೋಡಬಾರದಾ? ಒಳಗೆ ನಡೀತಿರೋದು ನನ್ನ ಹಣೆಬರಹ! ಮೇಡಂ ಏನೋ ಕೇಳಿದ್ರು. ನೀವು ಬಹಳ ಹೊತ್ತು ಮಾತಾಡಿದ್ರಿ. ಮನೇಲಿ ಬಾಯಿ ಬಿಡದ ನೀವು, ಅಲ್ಲಿ ಅಷ್ಟೊಂದು ಮಾತು! ಮಾತಿನ ನಡುವೆ ಎದ್ದು ನಿಂತು ಎರಡೂ ಕೈ ಬೆನ್ನ ಹಿಂದೆ ಇಟ್ಟು ತೋರಿಸಿದ್ರಿ. ಯಾಕೆ? ನನ್ನನ್ನ ಅಣಕಿಸಿ ತೋರಿಸಿದ್ರಾ? "ಇವನು ಒಂದು ದಿನವೂ ಪಟ್ಟಿ ಕಟ್ಟಿಕೊಳ್ಳಲಿಲ್ಲ ಮೇಡಂ, ನನ್ನನ್ನ ಒಂದು ಗುಂಡಿಯನ್ನೂ ಒತ್ತೋಕೆ ಬಿಡ್ಲಿಲ್ಲ" ಅಂತ ಚಾಡಿ ಹೇಳಿದ್ರಾ? ಹೇಳಿ ಅತ್ತಿಗೆ! ಬೀಕರೂ ಅಲ್ಲ, ಹೆಡ್ ಮೇಷ್ಟ್ರೂ ಅಲ್ಲ ಅಂದ ಮೇಲೆ ನನ್ನ ಮೇಲೆ ಮೇಡಂ ಕಿವಿ ಕಚ್ಚಿದೋರು ಮನೆಯವರೇನಾ? ನನ್ನ ಅಣ್ಣನ ಹೆಂಡತೀನೇನಾ?

ಗೇಟಿನ ಹತ್ರ ಮೇಡಂ ಕಾರು ಹತ್ತುವಾಗ ಓಡಿ ಹೋಗಿ ಕೇಳಿದೆ. "ಮೇಡಂ, ನನ್ನ ವಿಷಯ ಏನಾಯ್ತು?" ಕಾರಿನ ಗಾಜು ಇಳಿಸಿ ಏನಂದ್ರು ಗೊತ್ತಾ? "ನಿಮ್ಮ ಅತ್ತಿಗೆ ಕೈಲಿ ಕೊಟ್ಟಿದ್ದೀನಿ." ಅಷ್ಟೇ! ಏನು ಕೊಟ್ಟಿದ್ದಾರೆ? ಬಾಗಿಲ ಹಿಂದೆ ನೇತಾಕಿರೋ ಆ ಬ್ಯಾಗಲ್ಲಿದೆಯಾ? ನಾನು ಮುಟ್ಟಿಲ್ಲ, ಆಣೆ. ಮುಟ್ಟಬೇಕು ಅನ್ನಿಸ್ತು, ಮುಟ್ಲಿಲ್ಲ... ಸರಿ, ಒಮ್ಮೆ ಹೊರಗಿಂದ ಅದುಮಿ ನೋಡಿದೆ. ಟಿಫನ್ ಡಬ್ಬಿ ಸಿಕ್ತು.

ಏ, ಏ! ಆ ಫೋನ್ ಮುಟ್ಟಬೇಡಿ. ಅಲ್ಲೇ ಇರಲಿ, ಮಗುಚಿಕೊಂಡೇ ಇರಲಿ. ಅದಕ್ಕೆ ಏನಾಗಿದೆ ಅಂದ್ರೆ... ಚಾರ್ಜ್ ಇಲ್ಲ. ಬೆಳಗ್ಗೆಯೇ ಸತ್ತು ಬಿದ್ದಿದೆ. ಪಾಠದ ಹೊತ್ತಲ್ಲೂ ಸತ್ತೇ ಇತ್ತು. ನನ್ನ ಜೇಬಿಂದ ಹೊರಗೇ ತೆಗೆದಿಲ್ಲ ಇವತ್ತು, ಬೇಕಾದ್ರೆ ಯಾರನ್ನಾದ್ರೂ...

...

ಅಣ್ಣನ ಕರೆ.

ಹಲೋ. ಹಾಂ ಅಣ್ಣ. ಡಿಪೋ ಬಿಟ್ಟೆಯಾ? ಸರಿ. ಹಾಂ, ಇದ್ದಾರೆ, ಇಲ್ಲೇ ಇದ್ದಾರೆ, ನಿನ್ನ ಅಂಗಿ ಇಸ್ತ್ರಿ ಮಾಡ್ತಿದ್ದಾರೆ. ನನ್ನ ವಿಷಯ ಏನಾಯ್ತು ಅಂತಾನಾ? ಬಾ, ಹೇಳ್ತೀನಿ. ಬಾ ಅಂದ್ನಲ್ಲ. ಇಡ್ತೀನಿ.

...ಈಗಷ್ಟೇ ಸ್ವಲ್ಪ ಚಾರ್ಜ್ ಆಗಿರಬೇಕು.

ಅದೂ... ವೈರೇ ಚುಚ್ಚಿಲ್ಲ ಅಂತೀರಾ. ಹೌದು. ಚುಚ್ಚಿಲ್ಲ.

ಹಾಗೆ ನೋಡಬೇಡಿ ಅತ್ತಿಗೆ. ಬೈದುಬಿಡಿ. ಅಣ್ಣನ ಹಾಗೆ ಕೈಗೆ ಸಿಕ್ಕಿದ್ದನ್ನ ಎಸೆಯಿರಿ. ಏನಾದ್ರೂ ಮಾತಾಡಿ! ಕೈ ಯಾಕೆ ಹಿಂದೆ ಇಟ್ಕೊಂಡ್ರಿ? ಪೆಟ್ಟಿಗೆ ಪಕ್ಕಕ್ಕಿಟ್ಟು ಕೈ ಹಿಂದೆ ಕಟ್ಕೊಂಡು... ನನ್ನ ಮುಂದೆಯೂ ಬಸ್ ಕಾಯೋಕೆ ನಿಂತ್ರಾ? ಎಷ್ಟು ಹೊತ್ತು ನಿಲ್ತೀರಿ? ನಿಲ್ಲಿ. ನನಗೇನು. ನಾನೂ ನಿಲ್ತೀನಿ.

...

...

ಆಗಲ್ಲ ನನ್ನಿಂದ.

ನಾನೇ ಅತ್ತಿಗೆ. ಮುಳ್ಳು ಸರಿಸಿದ್ದು ನಾನೇ. ಬೀರುವಿನ ಪಕ್ಕ ನಿಂತಿದ್ದೆ, ಹಾಜರಿ ಪುಸ್ತಕ ಅಡ್ಡ ಹಿಡಿದು, ಅದರ ಹಿಂದೆ ಫೋನು. ತಪ್ಪಾಗಿ ನಿಂತ ಮುಳ್ಳನ್ನ ನೋಡೋಕೆ ಆಗ್ಲಿಲ್ಲ. ಅವಳನ್ನ ಇನ್ನೊಂದು ಗಳಿಗೆ ಬಿಟ್ಟಿದ್ರೆ ತಾನೇ ಕಂಡುಕೊಳ್ತಿದ್ದಳೋ ಏನೋ. ಕೈ ಎತ್ತಿದ್ದಳಲ್ಲ, ಸರಿಸೋಕೇ ಎತ್ತಿದ್ದಳು. ಆಗ ನಾನು...

ಅದಷ್ಟೇ ಅಲ್ಲ. ಗಡಿಯಾರ ತಂದಿದ್ದೂ ನಾನೇ. ಅಂಕಿ ತಂದಿದ್ದೂ ನಾನೇ. ನೀವು ಬೆರಳು ಎಲ್ಲಿಟ್ರೂ ಸರಿಯೇ, ಹಿಂದಿನಿಂದ ನಾನು ಒತ್ತುತ್ತಿದ್ದೆ. "ಸುಮ್ಮನೆ ಬೆರಳಿಡಿ ಅತ್ತಿಗೆ, ಉಳಿದದ್ದು ಬೋರ್ಡು ನೋಡ್ಕೊಳ್ಳುತ್ತೆ" ಅಂತ ಬೆಳಗ್ಗೆ ಅದಕ್ಕೇ ಹೇಳಿದ್ದು. ನಿಮ್ಮ ಮಾತು ಕೇಳಿದ್ದು ಆ ಬೋರ್ಡಲ್ಲ. ನೀವು ನಕ್ರಲ್ಲ... ಅದಕ್ಕೂ ಕಾರಣ ನಾನೇ ಅಂತ ಆಗ ಎದೆ ಉಬ್ಬಿಸಿದ್ದೆ. ಈಗ ಆ ನಗು ನೆನೆಸಿಕೊಂಡ್ರೆ ನಿಮ್ಮ ಮುಖ ನೋಡೋಕೆ ಆಗ್ತಿಲ್ಲ.

ಕಲಿಸಲೇ ಇಲ್ಲ ನಾನು. ದಿನಾ ಸಂಜೆ ಇದೇ ಮೇಜಿನ ಮುಂದೆ ಲ್ಯಾಪ್‌ಟಾಪ್ ತೆಗೆದು ಕೂರ್ತಿದ್ವಲ್ಲ, ನೀವು ಬೆರಳು ಚಾಚೋದೇ ತಡ, "ಇಲ್ಲಿ ಕೊಡಿ, ಇಲ್ಲಿ ಕೊಡಿ" ಅಂತ ಕಿತ್ಕೊಂಡು ನಾನೇ ಮಾಡ್ತಿದ್ದೆ. ನಿಧಾನ ಅಂತ ಬೈತಿದ್ದೆ. ನಿಧಾನ ಅಲ್ಲ ಕಾರಣ. ನೀವು ಕಲಿತುಬಿಟ್ರೆ, ಬೀಕರ್ ಕಲಿತುಬಿಟ್ರೆ, ಎಲ್ಲರೂ ಅವರವರೇ ಮಾಡ್ಕೊಂಡ್ರೆ... ಕಾರಿಡಾರಲ್ಲಿ ನನ್ನನ್ನ "ಬಾರಪ್ಪಾ ಸ್ವಲ್ಪ" ಅಂತ ಯಾರು ಕರೀತಾರೆ? ಈ ಮನೇಲಿ ನಾನ್ಯಾರು ಆಮೇಲೆ? ಅಣ್ಣನ ತಟ್ಟೆ ಪಕ್ಕ ಇನ್ನೊಂದು ತಟ್ಟೆ ಇಟ್ಕೊಂಡು ಕೂರೋ ಮೈದುನ, ಅಷ್ಟೇ.

ನಾಳೆ ಆ ಎರಡು ಜಡೆ ಹತ್ರ ಹೋ... ಹೋಗಿ ಹೇಳ್ತೀನಿ. ಎಲ್ಲ ಮಕ್ಕಳ ಮುಂದೆಯೇ ಹೇಳ್ತೀನಿ. ದೆವ್ವ ಅಲ್ಲ, ನಾನು ಅಂತ. ನಗಲಿ.

ಮೇಡಂಗೆ ಗೊತ್ತಿತ್ತು ಅಲ್ವಾ? ನಿಮಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿತ್ತು. ನಾನೊಬ್ಬನೇ ಊರೆಲ್ಲ ಕಳ್ಳನನ್ನ ಹುಡುಕ್ತಾ ತಿರುಗಿದ್ದು.

ಸರಿ. ಈಗ ಕೊಡಿ. ಮೇಡಂ ನಿಮ್ಮ ಕೈಲಿ ಕೊಟ್ಟಿದ್ದು ಏನೋ ಅದನ್ನ ಕೊಟ್ಟುಬಿಡಿ. ಊರಿಗೆ ಹೋಗು ಅಂತಿದ್ರೆ ಹೋಗ್ತೀನಿ. ಅಣ್ಣ ಬರೋದ್ರೊಳಗೆ ಬಟ್ಟೆ ತುಂಬ್ಕೋಬಹುದು... ಎಲ್ಲಿಗೆ ಹೋಗ್ತೀರಿ? ಬಚ್ಚಲಿಗಾ? ಬ್ಯಾಗು ಇಲ್ಲಿದೆ ಅತ್ತಿಗೆ!

ಏನದು? ಒದ್ದೆ ಬಟ್ಟೆ ತಂದು ಈಗ ಇಸ್ತ್ರಿ ಮಾಡೋಕೆ ಶುರು ಮಾಡಿದ್ರಾ? ನನ್ನ ಜೀವನ ಇಲ್ಲಿ ನೇತಾಡ್ತಿದೆ, ನಿಮಗೆ ಇಸ್ತ್ರಿ! ಅದೂ ನೀರು ತೊಟ್ಟಿಕ್ಕೋ ಬಟ್ಟೆ ಮೇಲೆ... ಚುಂಯ್ ಅಂತಿದೆ ನೋಡಿ, ಹಬೆ ಬರ್ತಿದೆ. ಏನದು ಅಷ್ಟುದ್ದ? ಲಂಗದ ಲಾಡಿಯಾ?

ನೀಲಿ ಬಣ್ಣ.

ಅತ್ತಿಗೆ... ಇದನ್ನಾ ನೀವು ಒಗೀತಿದ್ದಿದ್ದು? ವೈರಿನ ಧೂಳೆಲ್ಲ ಹಿಡಿದು ಕಪ್ಪಾಗಿತ್ತಲ್ಲ ಇದು. ಮೇಡಂ ಬಿಚ್ಚಿ ತಗೊಂಡು... ವಾಪಸ್ ತಗೊಂಡು ಹೋಗದೆ ನಿಮ್ಮ ಕೈಲಿ ಕೊಟ್ರಾ? ನನಗೆ ಕೊಡು ಅಂತಾನಾ?

ಅಂದ್ರೆ ನನ್ನನ್ನ ತೆಗೆದಿಲ್ವಾ? ತಲೆ ಆಡಿಸಿದ್ರೆ ಆಗಲ್ಲ, ಸರಿಯಾಗಿ ಆಡಿಸಿ! ತೆಗೆದಿಲ್ಲ?... ಹಾಗಾದ್ರೆ ಹೆಡ್ ಮೇಷ್ಟ್ರ ಕೋಣೇಲಿ ಎದ್ದು ನಿಂತು ಕೈ ಹಿಂದೆ ಇಟ್ಟು ತೋರಿಸಿದ್ದು ಚಾಡಿ ಅಲ್ಲ. ನೀವು ಹೇಗೆ ಕಾಯ್ತೀರಿ ಅಂತ ತೋರಿಸಿದ್ದು. ಇವನಿಗೂ ಇದನ್ನ ಕಲಿಸ್ತೀನಿ, ನನಗೆ ಬಿಡಿ ಅಂತ ಕೇಳಿದ್ದು. ಹೌದಾ? ಹೌದಾ ಅತ್ತಿಗೆ?

ಉತ್ತರ ಹೇಳಲ್ಲ. ಗೊತ್ತಿತ್ತು. ಕಾಯ್ತೀನಿ ಬಿಡಿ.

ಈಗೇನು, ತಿರುಗಿ ನಿಲ್ಲಬೇಕಾ? ನಿಂತೆ. ತಗೊಳ್ಳಿ ಕೈ. ಸ್ವಲ್ಪ ಸಡಿಲ ಕಟ್ಟಿ, ಮೂಗು ಕೆರೀಬೇಕಾಗುತ್ತೆ... ಇಲ್ಲ, ಇಲ್ಲ, ಬಿಗಿಯಾಗೇ ಕಟ್ಟಿ. ನನ್ನ ಕೈ ನನಗೆ ಗೊತ್ತು.

ಲ್ಯಾಪ್‌ಟಾಪ್ ತೆಗೆದ್ರಾ? ತೆಗೀರಿ. ಗಡಿಯಾರದ ಪಾಠ... ಅಲ್ಲಲ್ಲ, ಅದಲ್ಲ, ಮೇ... ಏನೂ ಇಲ್ಲ. ನಾನೇನೂ ಹೇಳ್ಲಿಲ್ಲ. ಹುಡುಕಿ. ನಿಧಾನಕ್ಕೆ ಹುಡುಕಿ. ಅಯ್ಯೋ ಅತ್ತಿಗೆ, ಅದು... ಹುಡುಕಿ, ಹುಡುಕಿ, ಬಾಯಿ ಮುಚ್ಚಿದೆ.

...

ಬಂತಾ? ಗಡಿಯಾರ ಬಂತಾ? ನೀವೇ ತಂದ್ರಾ? ನಾನು ಮುಟ್ಟೇ ಇಲ್ಲ, ನೋಡಿ, ಕೈ ಇಲ್ಲೇ ಇದೆ!

ಬಾಗಿಲು ಸದ್ದಾಯ್ತು. ಬಾ ಅಣ್ಣ. ಬಾ, ಒಳಗೆ ಬಾ. ಹೌದು, ಕೈ ಕಟ್ಟಿದೆ. ಹೌದು, ನಿನ್ನ ಹೆಂಡತಿಯೇ ಕಟ್ಟಿದ್ದು. ಇಲ್ಲ, ಜಗಳ ಅಲ್ಲ. ಮೇಡಂ ಏನು ತೀರ್ಪು ಕೊಟ್ರು ಅಂತಾನಾ? ಏನೂ ದೊಡ್ಡದು ಕೊಡ್ಲಿಲ್ಲ ಅಣ್ಣ. ಒಂದು ನೀಲಿ ಬಟ್ಟೆಯ ಪಟ್ಟಿ ಕೊಟ್ರು. ಅತ್ತಿಗೆ ಒಗೆದು, ಇಸ್ತ್ರಿ ಮಾಡಿ ಕೊಟ್ರು. ಇನ್ನೂ ಬಿಸಿ ಇದೆ.